ಒಂದೇ ಗಡ್ಡೆಗೆ ಎರಡು ವರದಿ: ಕಂದು ಬಣ್ಣವನ್ನು ನಂಬುವ ಮುನ್ನ

ಪ್ರಶ್ನೆ: ನಮ್ಮದು ಹುಮನಾಬಾದ್ ಹತ್ತಿರದ ಹಳ್ಳಿ. ನಮ್ಮ ಅವ್ವನಿಗೆ 58 ವರ್ಷ. ಎಡ ಸ್ತನದಲ್ಲಿ ಗಂಟು ಕಾಣಿಸಿಕೊಂಡಾಗ ಮೊದಲು ಸೂಜಿಯಿಂದ ತುಣುಕು ತೆಗೆದು ಕ್ಯಾನ್ಸರ್ ಎಂದರು, ಮೂರು ವಾರಗಳ ನಂತರ ಆಪರೇಷನ್ ಆಯಿತು. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಮೇಲೆ ಐಎಚ್‌ಸಿ ಎಂಬ, ಪ್ರತಿಕಾಯದಿಂದ ಬಣ್ಣ ಹತ್ತಿಸಿ ನೋಡುವ ಪರೀಕ್ಷೆ ಮಾಡಿಸಿದೆವು. ‘ಇಆರ್ ನೆಗೆಟಿವ್, ಪಿಆರ್ ನೆಗೆಟಿವ್, ಹರ್-2 ಎರಡು ಪ್ಲಸ್’ ಎಂದು ಬಂದಿತು. ಕಲಬುರಗಿಯ ಕ್ಯಾನ್ಸರ್ ವೈದ್ಯರು ಅದನ್ನು ಒಪ್ಪದೆ, ಮೊದಲಿನ ಸೂಜಿ ಬಯಾಪ್ಸಿಯ ಬ್ಲಾಕನ್ನು (ಮೇಣದಲ್ಲಿ ಹುದುಗಿಸಿಟ್ಟ ತುಣುಕನ್ನು) ಹೈದರಾಬಾದಿನ ಲ್ಯಾಬಿಗೆ ಕಳುಹಿಸಿದರು. ಅಲ್ಲಿಂದ ‘ಇಆರ್ ಶೇ. 80 ಪಾಸಿಟಿವ್, ಪಿಆರ್ ಶೇ. 30, ಹರ್-2 ಎರಡು ಪ್ಲಸ್, ಫಿಶ್ ಮಾಡಿಸಿ’ ಎಂದು ಬಂದಿದೆ. ಒಂದೇ ಗಡ್ಡೆ, ಎರಡು ಮಾತು. ಯಾವುದನ್ನು ನಂಬಬೇಕು? ಯಾರೋ ಪರೀಕ್ಷೆ ಮಾಡದೆಯೇ ಬರೆದುಕೊಟ್ಟಿದ್ದಾರೆಯೇ? ಎಂ.ಎಸ್ಸಿ. ಓದುತ್ತಿರುವ ನನ್ನ ತಮ್ಮ ತನ್ನ ಪ್ರಾಜೆಕ್ಟಿನಲ್ಲಿ ಇದೇ ವಿಧಾನ ಬಳಸುತ್ತಾನೆ. ‘ಪ್ರತಿಕಾಯದ ಬಣ್ಣ ಎಲ್ಲಿ ಬೇಕಾದರೂ ಹತ್ತುತ್ತದೆ, ಅದನ್ನು ನೆಚ್ಚಬೇಡ’ ಎನ್ನುತ್ತಾನೆ. ಅವನು ಹೇಳುವುದು ನಿಜವೇ?

ಉತ್ತರ: ಎರಡನೆಯ ವರದಿಯನ್ನು ನಂಬಿ. ಹೈದರಾಬಾದ್ ದೊಡ್ಡ ಊರು ಎಂಬ ಕಾರಣಕ್ಕೆ ನಾನು ಹೀಗೆ ಹೇಳುತ್ತಿಲ್ಲ. ಸೂಜಿ ಬಯಾಪ್ಸಿಯ ತುಣುಕು ಕಡ್ಡಿಯಷ್ಟು ತೆಳ್ಳಗಿರುತ್ತದೆ ಎಂಬ ಕಾರಣಕ್ಕೆ ಹೇಳುತ್ತಿದ್ದೇನೆ. ಆ ತೆಳುವಿಗೂ ಶೇ. 80 ಎಂಬ ಸಂಖ್ಯೆಗೂ ಏನು ಸಂಬಂಧ ಎಂದು ತಿಳಿದರೆ ನಿಮ್ಮ ಸಂಶಯದ ಹೆಚ್ಚು ಪಾಲು ಕರಗುತ್ತದೆ. ಕಲಬುರಗಿಯಲ್ಲಿ ರೋಗಶಾಸ್ತ್ರದ ಸೂಕ್ಷ್ಮದರ್ಶಕದ ಮುಂದೆ ಮೂವತ್ತು ವರ್ಷ ಕುಳಿತಿದ್ದೇನೆ. ನಿಮ್ಮಂಥ ಎರಡು ಕಾಗದಗಳನ್ನು ಹಿಡಿದು ಬಂದ ಮಕ್ಕಳನ್ನು, ಗಂಡಂದಿರನ್ನು ಎಷ್ಟೋ ಬಾರಿ ನೋಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಪರೀಕ್ಷೆಯ ಬಗೆ. ಯಾವ ಬಯಾಪ್ಸಿಯೇ ಬರಲಿ, ಅದನ್ನು ನೇರಳೆ ಮತ್ತು ಗುಲಾಬಿ ಬಣ್ಣಗಳಲ್ಲಿ ಅದ್ದಿ ನೋಡುವುದು ನಮ್ಮ ಮೊದಲ ಕೆಲಸ. ಆ ಬಣ್ಣಗಳು ಜೀವಕೋಶದ ಆಕಾರ ತೋರಿಸುತ್ತವೆ. ಕೋಶಕೇಂದ್ರ ಎಷ್ಟು ಉಬ್ಬಿದೆ, ಕೋಶಗಳು ಸಾಲು ಬಿಟ್ಟು ಎತ್ತ ನುಗ್ಗುತ್ತಿವೆ ಎಂಬುದೆಲ್ಲ ಅದರಲ್ಲೇ ಗೊತ್ತಾಗುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದನ್ನು ಬಹುಪಾಲು ಅಲ್ಲಿಯೇ ತೀರ್ಮಾನಿಸುತ್ತೇವೆ. ಆದರೆ ಆ ಕೋಶದೊಳಗೆ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನು, ಅಂದರೆ ನಿಮ್ಮ ವರದಿಯ ಇಆರ್, ಇದೆಯೇ ಎಂದು ಆಕಾರ ನೋಡಿ ಹೇಳಲಾಗುವುದಿಲ್ಲ. ಇದ್ದ ಕೋಶವೂ ಇಲ್ಲದ ಕೋಶವೂ ಒಂದೇ ಥರ ಕಾಣುತ್ತವೆ.

ನೀವು ಬೀದರ್ ಜಿಲ್ಲೆಯವರು, ಬಿದರಿ ಕೆಲಸ ನೋಡಿಯೇ ಇರುತ್ತೀರಿ. ಸತುವು ಹೆಚ್ಚು, ತಾಮ್ರ ಸ್ವಲ್ಪ ಇರುವ ಎರಕದ ಹೂಜಿಯ ಮೇಲೆ ಚಿತ್ತಾರ ಕೆತ್ತಿ, ಬೆಳ್ಳಿ ಕೂರಿಸಿ, ಉಜ್ಜಿ ನಯಗೊಳಿಸಿದಾಗ ಬೆಳ್ಳಿ ಯಾವುದು, ಹೂಜಿಯ ಮೈ ಯಾವುದು ಎಂದು ಗುರುತೇ ಸಿಗುವುದಿಲ್ಲ. ಎಲ್ಲವೂ ಒಂದೇ ಬಿಳಿ ಬೂದು ಹೊಳಪು. ಆಮೇಲೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕುದಿಸಿ ಹೂಜಿಯನ್ನು ಅದರಲ್ಲಿ ಅದ್ದುತ್ತಾರೆ. ಮೈ ಕಡುಗಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಅಲ್ಲಿಯವರೆಗೆ ಕಣ್ಣಿಗೆ ಬೀಳದ ಬಳ್ಳಿ, ಹೂವು ಎದ್ದು ಕಾಣುತ್ತವೆ. ಮಣ್ಣು ಎಲ್ಲದರ ಮೇಲೂ ಬಿದ್ದಿತು, ಹತ್ತಿದ್ದು ಮಾತ್ರ ಒಂದರ ಮೇಲೆ. ನಮ್ಮ ಪರೀಕ್ಷೆಯ ತಿರುಳೂ ಇದೇ. ತುಣುಕಿನ ಮೇಲೆಲ್ಲ ಹರಿಸಿದರೂ ತನಗೆ ಹೊಂದುವ ಒಂದು ಪ್ರೋಟೀನಿಗಷ್ಟೇ ಅಂಟಿಕೊಳ್ಳುವ ವಸ್ತು ನಮಗೆ ಬೇಕು. ಆ ವಸ್ತುವೇ ಪ್ರತಿಕಾಯ.

ಪ್ರತಿಕಾಯ ನಮ್ಮ ರಕ್ತದಲ್ಲಿಯೂ ಇದೆ. ಹೊರಗಿನ ರೋಗಾಣುವಿನ ಮೈಮೇಲಿನ ಒಂದು ಗುರುತನ್ನು ಹಿಡಿದು ಅದಕ್ಕೆ ಅಂಟುವುದು ಅದರ ಕೆಲಸ. ಈ ಗುಣವನ್ನು ಅಂಗಾಂಶದಲ್ಲಿ ಹುಡುಕಾಟಕ್ಕೆ ಬಳಸಬಹುದೆಂದು 1941-42ರಲ್ಲಿ ಅಮೆರಿಕದ ಆಲ್ಬರ್ಟ್ ಕೂನ್ಸ್ ಮತ್ತು ಜೊತೆಗಾರರು ತೋರಿಸಿದರು. ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ, ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದ ಗುರುತನ್ನು ಅಂಗಾಂಶದಲ್ಲಿಯೇ ಕಂಡರು. ಹೊಳಪಿನ ಬದಲು ಕಿಣ್ವ ಕಟ್ಟುವ ವಿಧಾನ 1966ರ ಹೊತ್ತಿಗೆ ಬಂದಿತು. ಆಗ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿಯೇ ನೋಡುವುದು ಸಾಧ್ಯವಾಯಿತು. ಒಂದೇ ಗುರುತನ್ನು ಹಿಡಿಯುವ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು 1975ರಲ್ಲಿ ಕೋಹ್ಲರ್ ಮತ್ತು ಮಿಲ್‌ಸ್ಟೈನ್ ಕಂಡುಕೊಂಡರು. ಅದಕ್ಕೆ 1984ರ ನೊಬೆಲ್ ಬಂದಿತು. ನಿಮ್ಮ ಅವ್ವನ ವರದಿಯ ಹಿಂದೆ ಇವರೆಲ್ಲರ ದುಡಿಮೆ ಇದೆ.

ಲ್ಯಾಬಿನಲ್ಲಿ ನಡೆಯುವುದು ಹೀಗೆ. ಫಾರ್ಮಾಲಿನ್ನಿನಲ್ಲಿ ನೆನೆದ ತುಣುಕನ್ನು ಮೇಣದಲ್ಲಿ ಹುದುಗಿಸಿ ಬ್ಲಾಕ್ ಮಾಡುತ್ತೇವೆ. ಅದರಿಂದ ಮೂರು-ನಾಲ್ಕು ಮೈಕ್ರಾನ್ ದಪ್ಪದ, ಅಂದರೆ ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ಮೂರು-ನಾಲ್ಕು ಭಾಗದಷ್ಟು ದಪ್ಪದ ಪದರವನ್ನು ಕೊಯ್ದು ಗಾಜಿಗೆ ಅಂಟಿಸುತ್ತೇವೆ. ಮೇಣ ತೆಗೆದು, ಸಿಟ್ರೇಟ್ ಅಥವಾ ಇಡಿಟಿಎ ದ್ರಾವಣದಲ್ಲಿ ಕುದಿಸುತ್ತೇವೆ. ಎಷ್ಟೋ ಲ್ಯಾಬುಗಳಲ್ಲಿ ಇದಕ್ಕೆ ಬಳಸುವುದು ತೊಗರಿ ಬೇಳೆ ಬೇಯಿಸುವಂಥದೇ ಪ್ರೆಷರ್ ಕುಕ್ಕರ್. ನಂತರ ಮೊದಲ ಪ್ರತಿಕಾಯ, ಸಾಮಾನ್ಯವಾಗಿ ಮೊಲದಿಂದಲೋ ಇಲಿಯಿಂದಲೋ ಬಂದದ್ದು. ಅಂಟದೆ ಉಳಿದದ್ದನ್ನು ತೊಳೆದು, ಆ ಪ್ರಾಣಿಯ ಪ್ರತಿಕಾಯವನ್ನೇ ಹಿಡಿಯುವ ಎರಡನೆಯದನ್ನು ಹಾಕುತ್ತೇವೆ. ಆ ಎರಡನೆಯದರ ಬೆನ್ನಿಗೆ ಪೆರಾಕ್ಸಿಡೇಸ್ ಎಂಬ ಕಿಣ್ವ ಕಟ್ಟಿರುತ್ತದೆ. ಕೊನೆಗೆ ಡಿಎಬಿ ಎಂಬ ರಾಸಾಯನಿಕ ಹಾಕಿದಾಗ ಕಿಣ್ವ ಇರುವ ಕಡೆ ಮಾತ್ರ ಕಂದು ಬಣ್ಣ ಕಟ್ಟುತ್ತದೆ. ಉಳಿದ ಕೋಶಕೇಂದ್ರಗಳಿಗೆ ತಿಳಿ ನೀಲಿ ಕೊಡುತ್ತೇವೆ. ನೀಲಿಯ ನಡುವೆ ಕಂದು ಎಷ್ಟಿದೆ, ಎಲ್ಲಿದೆ ಎಂದು ನೋಡಿ ಎಣಿಸಿದ ಲೆಕ್ಕವೇ ನಿಮ್ಮ ಕೈಯಲ್ಲಿರುವ ‘ಶೇ. 80’.

‘ಎಲ್ಲಿದೆ’ ಎಂಬುದು ಮುಖ್ಯ. ಇಆರ್ ಮತ್ತು ಪಿಆರ್ (ಪ್ರೊಜೆಸ್ಟರೋನ್ ಹಾರ್ಮೋನನ್ನು ಹಿಡಿಯುವಂಥದು) ಕೋಶಕೇಂದ್ರದಲ್ಲಿ ಇರುವ ಪ್ರೋಟೀನುಗಳು. ಕೇಂದ್ರ ಕಂದಾದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ, ಸುತ್ತಲಿನ ರಸ ಕಂದಾದರೆ ಬರುವುದಿಲ್ಲ. ಹರ್-2 ಕೋಶಕ್ಕೆ ಬೆಳೆಯಲು ಸೂಚನೆ ಕೊಡುವ ಪ್ರೋಟೀನು, ಕೋಶದ ಹೊರಪೊರೆಯಲ್ಲಿ ಇರುವಂಥದು. ಅದು ಕೋಶದ ಸುತ್ತ ಬೇಲಿ ಕಟ್ಟಿದಂತೆ ಕಾಣಬೇಕು. ಬಣ್ಣ ಕಂಡರೆ ಪಾಸಿಟಿವ್ ಎಂದು ಬರೆಯುವುದಾದರೆ ಈ ಕೆಲಸಕ್ಕೆ ವರ್ಷಗಟ್ಟಲೆ ಓದಿದವರು ಬೇಕಿರಲಿಲ್ಲ.

ಈಗ ನಿಮ್ಮ ಪ್ರಶ್ನೆಯ ಗಂಟು ಇರುವ ಜಾಗಕ್ಕೆ ಬರುತ್ತೇನೆ.

ದೇಹದಿಂದ ಹೊರಬಂದ ಕ್ಷಣದಿಂದ ಗಡ್ಡೆಗೆ ರಕ್ತವಿಲ್ಲ, ಆಮ್ಲಜನಕವಿಲ್ಲ. ಕೋಶದೊಳಗಿನ ಕಿಣ್ವಗಳು ಕೋಶವನ್ನೇ ತಿನ್ನತೊಡಗುತ್ತವೆ, ಪ್ರೋಟೀನುಗಳು ಕೆಡುತ್ತವೆ. ಅದನ್ನು ನಿಲ್ಲಿಸುವುದು ಫಾರ್ಮಾಲಿನ್. ಅದು ಪ್ರೋಟೀನು ಪ್ರೋಟೀನಿನ ನಡುವೆ ಸೇತುವೆ ಕಟ್ಟಿ ಎಲ್ಲವನ್ನೂ ಇದ್ದ ಜಾಗದಲ್ಲಿ ಹಿಡಿದು ನಿಲ್ಲಿಸುತ್ತದೆ. ಆದರೆ ಅದು ಒಳಗೆ ಇಳಿಯುವ ವೇಗ ಗಂಟೆಗೆ ಹೆಚ್ಚೆಂದರೆ ಒಂದು ಮಿಲಿಮೀಟರ್. ಇಳಿದ ಮೇಲೂ ಸೇತುವೆ ಕಟ್ಟಲು ಅದಕ್ಕೆ ಇನ್ನಷ್ಟು ಗಂಟೆಗಳು ಬೇಕು. ಸೂಜಿ ಬಯಾಪ್ಸಿಯ ಕಡ್ಡಿಯಂಥ ತುಣುಕು ಒಂದೆರಡು ಮಿಲಿಮೀಟರ್ ದಪ್ಪ ಇರುತ್ತದೆ. ತೆಗೆದ ಕೂಡಲೇ ಶೀಶೆಗೆ ಬಿದ್ದರೆ ಎಲ್ಲ ಕಡೆಯಿಂದ ಬೇಗನೆ ನೆನೆಯುತ್ತದೆ. ಆಪರೇಷನ್ನಿನಲ್ಲಿ ತೆಗೆದ ಇಡೀ ಸ್ತನ ಹಾಗಲ್ಲ. ಕೊಯ್ದು ತೆರೆಯದೆ ಹಾಗೆಯೇ ಡಬ್ಬಿಗೆ ಹಾಕಿದರೆ, ಕೊಬ್ಬಿನ ನಡುವೆ ಕುಳಿತ ಗಡ್ಡೆಗೆ ಫಾರ್ಮಾಲಿನ್ ತಲುಪುವುದು ಮಾರನೆಯ ದಿನ. ಅಷ್ಟರಲ್ಲಿ ಹುಡುಕಬೇಕಾದ ಪ್ರೋಟೀನೇ ಹಾಳಾಗಿರುತ್ತದೆ.

ಅದಕ್ಕಾಗಿಯೇ ಅಮೆರಿಕದ ಕ್ಯಾನ್ಸರ್ ವೈದ್ಯರ ಮತ್ತು ರೋಗಶಾಸ್ತ್ರಜ್ಞರ ಸಂಘಟನೆಗಳು ಜೊತೆಯಾಗಿ ಮಾಡಿದ ಮಾರ್ಗಸೂಚಿಯಲ್ಲಿ ಗಂಟೆಗಳ ಲೆಕ್ಕ ಇದೆ. ಗಡ್ಡೆ ಹೊರಬಂದ ಒಂದು ಗಂಟೆಯೊಳಗೆ ಅದನ್ನು ಸೀಳಿ ಫಾರ್ಮಾಲಿನ್ನಿಗೆ ಹಾಕಬೇಕು. ಅದರಲ್ಲಿ ಆರು ಗಂಟೆಗಿಂತ ಕಡಿಮೆ ಇರಬಾರದು, 72 ಗಂಟೆ ಮೀರಬಾರದು. ಫಾರ್ಮಾಲಿನ್ ಶೇ. 10ರದ್ದಾಗಿರಬೇಕು, ಹುಳಿಯಾಗದಂತೆ ಬಫರ್ ಸೇರಿಸಿರಬೇಕು. ತುಣುಕಿನ ಹತ್ತು ಪಟ್ಟು ಫಾರ್ಮಾಲಿನ್ ಇರಬೇಕು ಎಂಬುದು ನಮ್ಮ ಕೆಲಸದ ಹಳೆಯ ನಿಯಮ. ನಮ್ಮ ಭಾಗದಲ್ಲಿ ಈ ನಿಯಮಗಳು ಎಲ್ಲೆಲ್ಲಿ ಮುರಿಯುತ್ತವೆ ಎಂದು ನನಗೆ ಗೊತ್ತು. ಸಲೈನ್‌ನಲ್ಲಿ ಹಾಕಿ ಕಳುಹಿಸಿದ ತುಣುಕು ಬರುತ್ತದೆ. ನಲ್ಲಿಯ ನೀರು ಬೆರೆಸಿದ ಫಾರ್ಮಾಲಿನ್, ಕೆಲವೊಮ್ಮೆ ನೀರೇ ಬೆರೆಸದ ಫಾರ್ಮಾಲಿನ್ ಬರುತ್ತದೆ. ಬಾಯಿ ಕಿರಿದಾದ ಶೀಶೆಗೆ ತುರುಕಿದ ಗಡ್ಡೆ ಹೊರಗೆ ಬರದೆ ಶೀಶೆಯನ್ನೇ ಕೊಯ್ದು ತೆಗೆದಿದ್ದೇವೆ. ಶನಿವಾರ ಸಂಜೆ ಆಪರೇಷನ್ ಆಗಿ, ಸೋಮವಾರ ಬೆಳಿಗ್ಗೆ ಮನೆಯವರ ಕೈಚೀಲದಲ್ಲಿ ಬಸ್ಸಿನಲ್ಲಿ ಬರುವ ತುಣುಕುಗಳಂತೂ ಲೆಕ್ಕವಿಲ್ಲ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಫಾರ್ಮಾಲಿನ್ ಮುಟ್ಟದ ಅಂಗಾಂಶ ಆ ಸೆಕೆಯಲ್ಲಿ ಎಷ್ಟು ಬೇಗ ಕೊಳೆಯುತ್ತದೆ ಎಂದು ವಿವರಿಸಬೇಕಾಗಿಲ್ಲ.

ಒಂದು ಪ್ರಸಂಗ ನನ್ನ ಮನಸ್ಸಿನಿಂದ ಹೋಗಿಲ್ಲ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಇಂಥದೇ ಬೇಸಿಗೆಯಲ್ಲಿ ಒಂದು ಸ್ತನದ ತುಣುಕು ಬಂದಿತು. ಕೊಯ್ದಾಗ ಹೊರಗಿನ ಅರ್ಧ ಅಂಗುಲ ಬೂದುಬಣ್ಣಕ್ಕೆ ಗಟ್ಟಿಯಾಗಿತ್ತು. ಒಳಗೆ ಹಸಿ, ಕೆಂಪು, ಮೆತ್ತಗೆ, ವಾಸನೆ. ಗಡ್ಡೆ ಆ ಒಳಭಾಗದಲ್ಲಿತ್ತು. ಕ್ಯಾನ್ಸರ್ ಎಂಬುದರಲ್ಲಿ ಸಂಶಯವಿರಲಿಲ್ಲ. ಇಆರ್ ಪರೀಕ್ಷೆಯಲ್ಲಿ ಕಂದು ಬಣ್ಣ ಒಂದು ಚುಕ್ಕೆಯೂ ಬರಲಿಲ್ಲ, ನಾನು ‘ನೆಗೆಟಿವ್’ ಎಂದು ಬರೆದು ಸಹಿ ಹಾಕಿದೆ. ಒಂದೂವರೆ ವರ್ಷದ ನಂತರ ಆ ಹೆಣ್ಣುಮಗಳ ಕಂಕುಳ ಗ್ರಂಥಿಯ ಬ್ಲಾಕನ್ನು ಬೇರೆ ಕಡೆ ಪರೀಕ್ಷಿಸಿದರು. ಅದೇ ಆಪರೇಷನ್ನಿನಲ್ಲಿ ತೆಗೆದು ಪ್ರತ್ಯೇಕ ಶೀಶೆಯಲ್ಲಿ ಹಾಕಿದ್ದ, ಕಡಲೆಕಾಳಿನಷ್ಟು ಚಿಕ್ಕ, ಚೆನ್ನಾಗಿ ನೆನೆದ ಗ್ರಂಥಿ ಅದು. ಇಆರ್ ಎದ್ದು ಕಾಣುವಂತೆ ಪಾಸಿಟಿವ್. ನನ್ನ ಹಳೆಯ ಸ್ಲೈಡ್ ತೆಗೆದು ಮತ್ತೆ ನೋಡಿದೆ. ಗಡ್ಡೆಯ ಪಕ್ಕದಲ್ಲಿಯೇ ಎರಡು ಆರೋಗ್ಯವಂತ ಹಾಲಿನ ನಾಳಗಳು ಇದ್ದವು. ಅವೂ ಬರಿಯ ನೀಲಿ.

ಆ ಎರಡು ನಾಳಗಳು ನನಗೆ ಮೊದಲ ದಿನವೇ ಎಲ್ಲವನ್ನೂ ಹೇಳುತ್ತಿದ್ದವು, ನಾನು ಕೇಳಲಿಲ್ಲ. ಸಹಜ ಹಾಲಿನ ನಾಳದ ಕೆಲವು ಕೋಶಗಳಲ್ಲಿ ಇಆರ್ ಇದ್ದೇ ಇರುತ್ತದೆ. ಅಲ್ಲಿಯೂ ಬಣ್ಣ ಬರದಿದ್ದರೆ ಆ ತುಣುಕಿನಲ್ಲಿ ಪರೀಕ್ಷೆಯೇ ನಡೆದಿಲ್ಲ ಎಂದರ್ಥ. ಆಗ ಬರೆಯಬೇಕಾದದ್ದು ‘ನೆಗೆಟಿವ್’ ಎಂದಲ್ಲ, ‘ಈ ತುಣುಕಿನಲ್ಲಿ ಹೇಳಲಾಗದು, ಬೇರೆ ಬ್ಲಾಕ್ ಕೊಡಿ’ ಎಂದು. ಅಂದಿನಿಂದ ನಾಳ ನೋಡದೆ ಇಆರ್ ನೆಗೆಟಿವ್ ಎಂದು ನಾನು ಸಹಿ ಹಾಕಿಲ್ಲ.

ತಪ್ಪು ‘ನೆಗೆಟಿವ್’ನಿಂದ ಆಗುವ ನಷ್ಟ ಏನು ಎಂಬುದನ್ನೂ ನೀವು ತಿಳಿದಿರಬೇಕು. ಇಆರ್ ಪಾಸಿಟಿವ್ ಗಡ್ಡೆ ಹಾರ್ಮೋನಿನ ಆಸರೆಯಲ್ಲಿ ಬೆಳೆಯುತ್ತದೆ. ಆ ಆಸರೆ ಕಡಿಯಲು ಟ್ಯಾಮಾಕ್ಸಿಫೆನ್, ಮುಟ್ಟು ನಿಂತವರಿಗೆ ಲೆಟ್ರೋಜೋಲ್‌ನಂಥ ಮಾತ್ರೆಗಳಿವೆ. ದಿನಕ್ಕೆ ಒಂದು ಮಾತ್ರೆ, ದುಬಾರಿಯೂ ಅಲ್ಲ. ಇಆರ್ ಪಾಸಿಟಿವ್ ಇರುವವರು ಟ್ಯಾಮಾಕ್ಸಿಫೆನ್ನನ್ನು ಐದು ವರ್ಷ ತೆಗೆದುಕೊಂಡರೆ ಮುಂದಿನ ಹದಿನೈದು ವರ್ಷಗಳಲ್ಲಿ ಸ್ತನ ಕ್ಯಾನ್ಸರ್‌ನಿಂದ ಸಾಯುವ ಸಂಭವ ಸುಮಾರು ಮೂರನೇ ಒಂದು ಭಾಗದಷ್ಟು ಇಳಿಯುತ್ತದೆ ಎಂದು ಸಾವಿರಾರು ರೋಗಿಗಳ ಒಟ್ಟು ಲೆಕ್ಕ ತೋರಿಸಿದೆ. ‘ನೆಗೆಟಿವ್’ ಎಂಬ ಒಂದು ಪದ ಆ ಮಾತ್ರೆಯನ್ನು ಕೈಯಿಂದ ಕಸಿದುಕೊಳ್ಳುತ್ತದೆ.

ಇದು ಹಿಂದುಳಿದ ಜಿಲ್ಲೆಗಳ ತೊಂದರೆ ಮಾತ್ರ ಎಂದು ಭಾವಿಸಬೇಡಿ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯದಲ್ಲಿ 1997ರಿಂದ 2005ರವರೆಗೆ ಮಾಡಿದ ಹಾರ್ಮೋನ್ ಗ್ರಾಹಿ (ಇಆರ್, ಪಿಆರ್) ಪರೀಕ್ಷೆಗಳನ್ನು ಟೊರಾಂಟೊದಲ್ಲಿ ಮತ್ತೆ ಮಾಡಿಸಿದಾಗ ಸುಮಾರು 400 ರೋಗಿಗಳ ಫಲಿತಾಂಶ ತಪ್ಪಾಗಿತ್ತು ಎಂದು ತಿಳಿಯಿತು. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರನ್ ಅವರ ವಿಚಾರಣಾ ಆಯೋಗ 2009ರಲ್ಲಿ ವರದಿ ಕೊಟ್ಟಿತು. ಗುಣಮಟ್ಟದ ಮೇಲೆ ಕಣ್ಣಿಡುವ ವ್ಯವಸ್ಥೆಯೇ ಇರಲಿಲ್ಲ ಎಂಬುದು ಅದರಲ್ಲಿ ಹೊರಬಿದ್ದಿತು. ಹಣವಿದ್ದ ದೇಶ, ಯಂತ್ರಗಳಿದ್ದ ಲ್ಯಾಬು. ಹಾಗಾಗಿ ನಿಮ್ಮ ಮೊದಲ ಲ್ಯಾಬಿನವರು ಪರೀಕ್ಷೆ ಮಾಡದೆಯೇ ಬರೆದರು ಎಂದು ನಾನು ಹೇಳಲಾರೆ. ಪರೀಕ್ಷೆ ಮಾಡಿದರು, ಬಣ್ಣ ಬರಲಿಲ್ಲ, ಕಂಡದ್ದನ್ನು ಬರೆದರು ಎಂಬುದೇ ಹೆಚ್ಚು ಸಂಭವ. ತಪ್ಪು ನಡೆದದ್ದು ಬಹುಶಃ ಆಪರೇಷನ್ ಕೋಣೆಗೂ ಲ್ಯಾಬಿನ ಮೇಜಿಗೂ ನಡುವಿನ ದಾರಿಯಲ್ಲಿ.

ಇನ್ನೂ ಎರಡು ಸಾಧ್ಯತೆಗಳಿವೆ. ಕುದಿಸುವ ಹಂತದಲ್ಲಿ ಶಾಖ ಸಾಲದಿದ್ದರೆ ಫಾರ್ಮಾಲಿನ್ ಕಟ್ಟಿದ ಸೇತುವೆಗಳು ಬಿಚ್ಚಿಕೊಳ್ಳುವುದಿಲ್ಲ. ಪ್ರೋಟೀನು ಇದ್ದರೂ ಪ್ರತಿಕಾಯಕ್ಕೆ ಕೈಗೆಟುಕುವುದಿಲ್ಲ. ಮೇಣದ ಬ್ಲಾಕಿನ ಅಂಗಾಂಶವನ್ನು ಹೀಗೆ ಕುದಿಸಿದರೆ ಮುಚ್ಚಿಹೋದ ಗುರುತುಗಳು ಮತ್ತೆ ತೆರೆದುಕೊಳ್ಳುತ್ತವೆ ಎಂದು ಗೊತ್ತಾದದ್ದೇ 1991ರಲ್ಲಿ. ಎರಡನೆಯದಾಗಿ, ಒಂದೇ ಗಡ್ಡೆಯ ಎರಡು ಭಾಗಗಳು ನಿಜವಾಗಿಯೇ ಬೇರೆ ಬೇರೆ ಇರಬಹುದು. ಆದರೆ ಶೇ. 80 ಇದ್ದದ್ದು ಪಕ್ಕದ ತುಣುಕಿನಲ್ಲಿ ಸೊನ್ನೆ ಆಗುವುದು ಅಪರೂಪ. ಇಆರ್ ಜೊತೆಗೆ ಪಿಆರ್ ಕೂಡ ಪೂರ್ತಿ ಮಾಯವಾಗಿದೆ ಎಂಬುದು ನನ್ನ ಸಂಶಯವನ್ನು ಫಾರ್ಮಾಲಿನ್ ಕಡೆಗೇ ಎಳೆಯುತ್ತದೆ. ಸಂಖ್ಯೆಗಳ ಅರ್ಥವನ್ನೂ ಹೇಳಿಬಿಡುತ್ತೇನೆ. ಗಡ್ಡೆಯ ಕೋಶಗಳಲ್ಲಿ ಶೇ. 1 ಕಂದಾದರೂ ಇಆರ್ ಪಾಸಿಟಿವ್ ಎಂದೇ ಲೆಕ್ಕ. ಶೇ. 1ರಿಂದ 10ರವರೆಗಿನದ್ದನ್ನು 2020ರಿಂದ ‘ಕಡಿಮೆ ಪಾಸಿಟಿವ್’ ಎಂದು ಬೇರೆಯಾಗಿ ಬರೆಯುತ್ತೇವೆ. ನಿಮ್ಮ ಅವ್ವನದು ಆ ಗೊಂದಲದ ವಲಯಕ್ಕಿಂತ ಬಹಳ ಮೇಲೆ ಇದೆ.

ಹರ್-2 ವಿಚಾರ. ಇದಕ್ಕೆ ಸೊನ್ನೆ, ಒಂದು, ಎರಡು, ಮೂರು ಪ್ಲಸ್ ಎಂಬ ಅಂಕಗಳಿವೆ. ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಕೋಶಗಳ ಸುತ್ತ ದಟ್ಟವಾದ ಪೂರ್ಣ ಬೇಲಿ ಕಂಡರೆ ಮೂರು ಪ್ಲಸ್, ಅಂದರೆ ಪಾಸಿಟಿವ್. ಸೊನ್ನೆ ಮತ್ತು ಒಂದು ನೆಗೆಟಿವ್. ಬೇಲಿ ಪೂರ್ಣವಾಗಿದೆ, ಆದರೆ ಬಣ್ಣ ತೆಳು ಎಂದಾದರೆ ಎರಡು ಪ್ಲಸ್. ಅಲ್ಲಿ ಕಣ್ಣಿನ ಮೇಲೆ ಭಾರ ಹಾಕುವುದನ್ನು ಬಿಟ್ಟು ಫಿಶ್ ಪರೀಕ್ಷೆಗೆ ಹೋಗಬೇಕು. ಫಿಶ್ ಪ್ರೋಟೀನನ್ನು ನೋಡುವುದಿಲ್ಲ. ಆ ಪ್ರೋಟೀನಿನ ಜೀನ್ 17ನೇ ವರ್ಣತಂತುವಿನಲ್ಲಿದೆ, ಕೋಶದೊಳಗೆ ಅದರ ಪ್ರತಿಗಳು ಎಷ್ಟು ಎಂದು ಹೊಳೆಯುವ ಚುಕ್ಕೆಗಳಿಂದ ಎಣಿಸುತ್ತದೆ. ಸಹಜ ಕೋಶದಲ್ಲಿ ಎರಡು ಪ್ರತಿ. ಹರ್-2 ಗಡ್ಡೆಯಲ್ಲಿ ಹತ್ತು, ಇಪ್ಪತ್ತು ಇರಬಹುದು. ಎರಡೂ ಲ್ಯಾಬಿನವರು ‘ಎರಡು ಪ್ಲಸ್’ ಎಂದಿರುವುದರಿಂದ ಫಿಶ್ ಮಾಡಿಸಲೇಬೇಕು, ಅದು ಹಣ ಕೀಳುವ ಉಪಾಯ ಅಲ್ಲ. ಪಾಸಿಟಿವ್ ಆದರೆ ಟ್ರಾಸ್ಟುಜುಮಾಬ್ ಎಂಬ ಔಷಧಿಯನ್ನು ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ಅದೂ ಒಂದು ಪ್ರತಿಕಾಯವೇ. ಸ್ಲೈಡಿನ ಮೇಲೆ ನಾವು ಹುಡುಕುವ ಪ್ರೋಟೀನನ್ನೇ ಅದು ದೇಹದೊಳಗೆ ಹೋಗಿ ಹಿಡಿಯುತ್ತದೆ. ಬೇಕಾದವರಿಗೆ ಅದು ಪ್ರಾಣ ಉಳಿಸುತ್ತದೆ. ಬೇಡದವರಿಗೆ ಕೊಟ್ಟರೆ ವರ್ಷದ ಖರ್ಚು ವ್ಯರ್ಥ, ಜೊತೆಗೆ ಹೃದಯಕ್ಕೆ ತೊಂದರೆಯಾಗುವ ಅಪಾಯ.

ಇನ್ನು ನಿಮ್ಮ ತಮ್ಮನ ಮಾತು. ಅವನ ಅನುಭವ ಸುಳ್ಳಲ್ಲ, ಅದರಿಂದ ಅವನು ತಲುಪಿದ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಬಣ್ಣ ಎಲ್ಲಿ ಬೇಕಾದರೂ ಹತ್ತುತ್ತದೆ, ನಾವು ಬಿಟ್ಟರೆ. ಕೆಂಪು ರಕ್ತಕಣಗಳಲ್ಲಿ ಪೆರಾಕ್ಸಿಡೇಸಿನಂತೆ ವರ್ತಿಸುವ ಗುಣ ಸಹಜವಾಗಿಯೇ ಇದೆ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಅದನ್ನು ಮೊದಲೇ ತಣಿಸದಿದ್ದರೆ ಪ್ರತಿಕಾಯವೇ ಇಲ್ಲದೆ ಅವು ಕಂದಾಗುತ್ತವೆ. ಯಕೃತ್ತು, ಮೂತ್ರಪಿಂಡಗಳಲ್ಲಿ ಬಯೋಟಿನ್ ಹೇರಳ, ಬಯೋಟಿನ್ ಆಧಾರಿತ ಹಳೆಯ ಕಿಟ್ ಬಳಸಿದರೆ ಅಲ್ಲೆಲ್ಲ ಸುಳ್ಳು ಬಣ್ಣ. ಚರ್ಮದ ಮೆಲನಿನ್ ತಾನೇ ಕಂದು. ಪರೀಕ್ಷೆಯ ನಡುವೆ ಸ್ಲೈಡ್ ಒಣಗಿದರೆ ಅಂಚಿನಲ್ಲೆಲ್ಲ ಬಣ್ಣ. ಇವೆಲ್ಲಕ್ಕೂ ಮದ್ದು ಇದೆ, ಪ್ರತಿ ಬಾರಿ ತಪ್ಪದೆ ಮಾಡಬೇಕಷ್ಟೇ. ಪ್ರೋಟೀನು ಖಂಡಿತ ಇರುವ ಒಂದು ತುಣುಕು, ಖಂಡಿತ ಇಲ್ಲದ ಒಂದು ತುಣುಕು, ಮೊದಲ ಪ್ರತಿಕಾಯ ಹಾಕದ ಒಂದು ಸ್ಲೈಡ್, ಇವು ಮೂರೂ ಪಕ್ಕದಲ್ಲಿ ಇಲ್ಲದೆ ತೆಗೆದ ಚಿತ್ರವನ್ನು ಪ್ರಬಂಧದಲ್ಲಿ ಹಾಕಬಾರದು ಎಂದು ಅವನಿಗೆ ಹೇಳಿ.

ಸಂಶೋಧನೆಯಲ್ಲಿ ಇನ್ನೂ ಆಳವಾದ ತೊಡಕು ಇದೆ. ಶೀಶೆಯ ಮೇಲೆ ಬರೆದ ಪ್ರೋಟೀನನ್ನೇ ಆ ಪ್ರತಿಕಾಯ ಹಿಡಿಯುತ್ತದೆಯೇ? ಇಆರ್‌ನದೇ ಉದಾಹರಣೆ ಕೊಡುತ್ತೇನೆ. ನಾವು ರೋಗಿಗಳಲ್ಲಿ ನೋಡುವುದು ಆಲ್ಫಾ ಎಂಬ ಇಆರ್. ಬೀಟಾ ಎಂಬ ಇನ್ನೊಂದು ಇಆರ್ 1996ರಲ್ಲಿ ಪತ್ತೆಯಾಯಿತು. ಮುಂದಿನ ಎರಡು ದಶಕ ಅದು ಸ್ತನದಲ್ಲಿ ಇದೆ, ಹೀಗೆ ವರ್ತಿಸುತ್ತದೆ, ಹಾಗೆ ವರ್ತಿಸುತ್ತದೆ ಎಂದು ರಾಶಿ ಪ್ರಬಂಧಗಳು ಬಂದವು. 2017ರಲ್ಲಿ ಸ್ವೀಡನ್ನಿನ ಸಂಶೋಧಕರು ಬೀಟಾ ಹಿಡಿಯುತ್ತವೆ ಎಂದು ಮಾರುತ್ತಿದ್ದ 13 ಪ್ರತಿಕಾಯಗಳನ್ನು ಒರೆಗೆ ಹಚ್ಚಿದರು. ನಂಬಬಹುದಾದದ್ದು ಒಂದೇ. ಅದನ್ನು ಬಳಸಿ ನೋಡಿದರೆ ಸ್ತನದ ಅಂಗಾಂಶದಲ್ಲಿ ಬೀಟಾ ಕಾಣಲೇ ಇಲ್ಲ. ಎಷ್ಟು ಜನರ ಎಷ್ಟು ವರ್ಷಗಳ ಶ್ರಮ ಎಂದು ನೆನೆದರೆ ಹೊಟ್ಟೆ ಉರಿಯುತ್ತದೆ.

ಬಿದರಿ ಕೆಲಸದವರು ಕೋಟೆಯಿಂದ ತಂದ ಮಣ್ಣನ್ನು ಹಾಗೆಯೇ ಕುದಿಸುವುದಿಲ್ಲ. ನಾಲಿಗೆಗೆ ಹಚ್ಚಿ ರುಚಿ ನೋಡಿ, ಇದು ಕಪ್ಪು ಕೊಡುವ ಮಣ್ಣು ಹೌದೋ ಅಲ್ಲವೋ ಎಂದು ತಿಳಿದುಕೊಳ್ಳುತ್ತಾರೆ. ಹೊಸ ಶೀಶೆ ತೆರೆದಾಗಲೆಲ್ಲ ನಿಮ್ಮ ತಮ್ಮನೂ ಅಷ್ಟೇ ಎಚ್ಚರದಿಂದ ಇರಬೇಕು. ಆ ಜೀನನ್ನೇ ತೆಗೆದುಹಾಕಿದ ಕೋಶಗಳಲ್ಲಿ ಬಣ್ಣ ನಿಲ್ಲುತ್ತದೆಯೇ? ಅದೇ ಪ್ರೋಟೀನಿನ ಬೇರೆ ಭಾಗ ಹಿಡಿಯುವ ಇನ್ನೊಂದು ಪ್ರತಿಕಾಯವೂ ಅದೇ ಜಾಗದಲ್ಲಿ ಬಣ್ಣ ಕೊಡುತ್ತದೆಯೇ? ಇನ್ನೊಂದು ಮಾತು ಅವನಿಗೆ ವಿಶೇಷವಾಗಿ. ಡಿಎಬಿಯ ಕಂದು ಎರಡು ಪಟ್ಟು ಗಾಢವಾದರೆ ಪ್ರೋಟೀನು ಎರಡು ಪಟ್ಟು ಇದೆ ಎಂದು ಅರ್ಥವಲ್ಲ. ಆ ಬಣ್ಣ ಅಂಥ ನೇರ ಅನುಪಾತದಲ್ಲಿ ಏರುವುದಿಲ್ಲ. ಕಂಪ್ಯೂಟರ್ ಕೊಡುವ ಗಾಢತೆಯ ಅಂಕಿಗಳನ್ನು ಪ್ರೋಟೀನಿನ ತೂಕ ಎಂಬಂತೆ ಗ್ರಾಫ್ ಹಾಕುವುದು ವಿದ್ಯಾರ್ಥಿಗಳು ಮಾಡುವ ಸಾಮಾನ್ಯ ತಪ್ಪು.

ಆದರೆ ರೋಗಪತ್ತೆಯ ಇಆರ್, ಹರ್-2 ಪ್ರತಿಕಾಯಗಳು ಹಾಗೆ ಬಂದವಲ್ಲ. ಸಾವಿರಾರು ರೋಗಿಗಳ ಮೇಲೆ, ಔಷಧಿಯ ಫಲಿತಾಂಶದೊಂದಿಗೆ ತಾಳೆ ನೋಡಿ ಒರೆಗೆ ಹಚ್ಚಿದವು. ತಮ್ಮನ ಪ್ರಾಜೆಕ್ಟಿನ ಶೀಶೆಯನ್ನೂ ಅವ್ವನ ವರದಿಯ ಶೀಶೆಯನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ.

ಸ್ತನ ಕ್ಯಾನ್ಸರಿನ ಆಚೆಗೂ ಈ ಪರೀಕ್ಷೆ ನಮ್ಮ ಭಾಗದಲ್ಲಿ ದಿನವೂ ಬೇಕಾಗುತ್ತದೆ. ಕುತ್ತಿಗೆಯಲ್ಲಿ ಗಂಟು ಬಂದರೆ ಕ್ಷಯ ಎಂದು ಔಷಧಿ ಶುರು ಮಾಡುವುದು ಇಲ್ಲಿ ವಾಡಿಕೆ, ಕ್ಷಯ ಅಷ್ಟು ಹೆಚ್ಚಿದೆ. ಔಷಧಿಗೆ ಗಂಟು ಕರಗದಿದ್ದಾಗ ಬಯಾಪ್ಸಿ ಮಾಡಿ, ಸಿಡಿ-3, ಸಿಡಿ-20, ಸಿಡಿ-30 ಮುಂತಾದ ಗುರುತುಗಳನ್ನು ಹುಡುಕಿ ಅದು ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಹೌದೋ, ಹೌದಾದರೆ ಯಾವ ಬಗೆಯದು ಎಂದು ಹೇಳುತ್ತೇವೆ. ಕುಷ್ಠದ ತುಣುಕಿನಲ್ಲಿ ಉರಿಯೂತದ ನಡುವೆ ಚೂರಾಗಿ ಉಳಿದ ನರವನ್ನು ಎಸ್-100 ಪ್ರತಿಕಾಯ ಎತ್ತಿ ತೋರಿಸುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಎಲ್ಲ ಓದುಗರೂ ನೆನಪಿಡಬೇಕು. ಚರ್ಮದಲ್ಲಿ ಬೊಬ್ಬೆ ಬರುವ ಪೆಂಫಿಗಸ್‌ನಂಥ ರೋಗಗಳಿಗೆ ಮತ್ತು ಕಿಡ್ನಿ ಬಯಾಪ್ಸಿಗೆ ಹೊಳೆಯುವ ಬಣ್ಣದ ಪರೀಕ್ಷೆ ಮಾಡುತ್ತೇವೆ. ಅದಕ್ಕೆ ಒಂದು ತುಣುಕನ್ನು ಫಾರ್ಮಾಲಿನ್ನಿಗೆ ಹಾಕದೆ ಮೈಕೆಲ್ ದ್ರಾವಣದಲ್ಲಿ ಕಳುಹಿಸಬೇಕು. ಸ್ತನಕ್ಕೆ ಅಮೃತವಾದ ಫಾರ್ಮಾಲಿನ್ ಆ ತುಣುಕಿಗೆ ವಿಷ. ಬಯಾಪ್ಸಿಗೆ ಮುಂಚೆಯೇ ‘ಎಷ್ಟು ಶೀಶೆ, ಯಾವುದರಲ್ಲಿ ಏನು’ ಎಂದು ವೈದ್ಯರನ್ನು ಕೇಳಿ.

ಈಗ ನೀವು ಮಾಡಬೇಕಾದ ಕೆಲಸ. ಆಪರೇಷನ್ ಆದ ಆಸ್ಪತ್ರೆಯಲ್ಲಿ, ತುಣುಕನ್ನು ಎಷ್ಟು ಗಂಟೆಗೆ ತೆಗೆದರು, ಎಷ್ಟು ಗಂಟೆಗೆ ಫಾರ್ಮಾಲಿನ್ನಿಗೆ ಹಾಕಿದರು, ಲ್ಯಾಬಿಗೆ ಯಾವಾಗ ಮುಟ್ಟಿತು ಎಂದು ಸಮಾಧಾನದಿಂದ ಕೇಳಿ. ಜಗಳ ಬೇಡ. ಮೊದಲ ಲ್ಯಾಬಿನ ರೋಗಶಾಸ್ತ್ರಜ್ಞರನ್ನು ಭೇಟಿಯಾಗಿ ‘ಗಡ್ಡೆಯ ಪಕ್ಕದ ಸಹಜ ನಾಳಗಳಲ್ಲಿ ಇಆರ್ ಬಣ್ಣ ಬಂದಿತ್ತೇ?’ ಎಂದು ಒಂದೇ ಪ್ರಶ್ನೆ ಕೇಳಿ. ಬಂದಿರಲಿಲ್ಲ ಎಂದಾದರೆ ಆ ವರದಿಯನ್ನು ಪಕ್ಕಕ್ಕಿಡಬಹುದು. ಬಂದಿತ್ತು ಎಂದಾದರೆ, ಎರಡೂ ಬ್ಲಾಕುಗಳನ್ನು ಒಂದೇ ಲ್ಯಾಬಿನಲ್ಲಿ, ಒಂದೇ ದಿನ, ಒಂದೇ ಪ್ರತಿಕಾಯದಿಂದ ಮತ್ತೆ ಮಾಡಿಸಿ. ಕಂಕುಳ ಗ್ರಂಥಿಗಳಲ್ಲಿ ಕ್ಯಾನ್ಸರ್ ಇದ್ದಿದ್ದರೆ ಆ ಬ್ಲಾಕನ್ನೂ ಸೇರಿಸಿ. ಎರಡೂ ವರದಿಗಳನ್ನು ನಿಮ್ಮ ಕ್ಯಾನ್ಸರ್ ವೈದ್ಯರ ಮುಂದೆ ಇಡಿ, ಇಷ್ಟವಾಗದ್ದನ್ನು ಮುಚ್ಚಿಡಬೇಡಿ. ಮೊದಲ ವರದಿಯನ್ನು ಸಂಶಯಿಸಿ ಹಳೆಯ ಬ್ಲಾಕ್ ತೆಗೆಸಿದ ಅವರು ನಿಮ್ಮ ಅವ್ವನಿಗೆ ದೊಡ್ಡ ಉಪಕಾರ ಮಾಡಿದ್ದಾರೆ.

ಬ್ಲಾಕುಗಳು ನಿಮ್ಮ ಅವ್ವನ ದೇಹದ ದಾಖಲೆ. ಅವನ್ನು ಕಳೆದುಕೊಳ್ಳಬೇಡಿ. ಕೊಯ್ದಿಟ್ಟ, ಇನ್ನೂ ಬಣ್ಣ ಹಾಕದ ಸ್ಲೈಡುಗಳು ತಿಂಗಳುಗಳು ಕಳೆದಂತೆ ಮಂಕಾಗುತ್ತವೆ, ಬ್ಲಾಕ್ ವರ್ಷಗಟ್ಟಲೆ ಬಾಳುತ್ತದೆ. ಆದ್ದರಿಂದ ಬೇರೆ ಊರಿಗೆ ಒಯ್ಯುವಾಗ ಬ್ಲಾಕನ್ನೇ ಕೇಳಿ ಪಡೆಯಿರಿ, ಸಹಿ ಮಾಡಿ, ಸಂಖ್ಯೆ ಬರೆದುಕೊಳ್ಳಿ. ಮೇಣ ಕರಗುವುದು ಸುಮಾರು 60 ಡಿಗ್ರಿಯಲ್ಲಿ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಮಾತ್ರ ಇಡಬೇಡಿ. ಬೀದರ್-ಕಲಬುರಗಿ ರೈಲಿನಲ್ಲಿ ಕೈಚೀಲದಲ್ಲಿ ಇಟ್ಟು ತಂದರೆ ಏನೂ ಆಗುವುದಿಲ್ಲ.

ಫಿಶ್ ಅನ್ನು ಆಪರೇಷನ್ನಿನ ಬ್ಲಾಕಿನ ಮೇಲೆ ಮಾಡಿಸಬೇಡಿ, ಸೂಜಿ ಬಯಾಪ್ಸಿಯ ಬ್ಲಾಕಿನ ಮೇಲೆಯೇ ಮಾಡಿಸಿ. ಚೆನ್ನಾಗಿ ನೆನೆಯದ ಅಂಗಾಂಶದಲ್ಲಿ ಡಿಎನ್‌ಎ ಕೂಡ ಕೆಟ್ಟಿರುತ್ತದೆ, ಚುಕ್ಕೆಗಳು ಹೊಳೆಯುವುದಿಲ್ಲ. ಆ ಚಿಕ್ಕ ಬ್ಲಾಕಿನಲ್ಲಿ ಗಡ್ಡೆ ಇನ್ನೂ ಉಳಿದಿದೆಯೇ ಎಂದು ಹೈದರಾಬಾದಿನವರನ್ನು ಮೊದಲೇ ಕೇಳಿಕೊಳ್ಳಿ. ವರದಿ ಬಂದಾಗ ‘ಪಾಸಿಟಿವ್’ ಅಥವಾ ‘ನೆಗೆಟಿವ್’ ಎಂಬ ಪದದ ಜೊತೆಗೆ ಎರಡು ಸಂಖ್ಯೆಗಳು ಇರಬೇಕು: ಹರ್-2 ಜೀನಿಗೂ 17ನೇ ವರ್ಣತಂತುವಿಗೂ ಇರುವ ಅನುಪಾತ ಒಂದು, ಒಂದು ಕೋಶದಲ್ಲಿ ಸರಾಸರಿ ಎಷ್ಟು ಪ್ರತಿ ಎಂಬುದು ಇನ್ನೊಂದು. ಅನುಪಾತ ಎರಡು ಅಥವಾ ಹೆಚ್ಚು, ಪ್ರತಿಗಳು ನಾಲ್ಕು ಅಥವಾ ಹೆಚ್ಚು ಇದ್ದರೆ ಪಾಸಿಟಿವ್. ಒಂದು ಸಂಖ್ಯೆ ಮಾತ್ರ ಬರೆದಿದ್ದರೆ ಇನ್ನೊಂದನ್ನೂ ಬರೆಸಿಕೊಂಡು ಬನ್ನಿ.